ಹಳೇ ಕಾರಿಗೆ ಹೊಸ ಸೆಲ್ಫ್ ಮೋಟಾರ್

ಹಳೇ ಕಾರು ಇಟ್ಟುಕೊಂಡವರಿಗೆ ಕೆಲವು ಅಭ್ಯಾಸಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಎಲ್ಲಿ ನಿಲ್ಲಿಸಬೇಕಾದರೂ ಮೊದಲು ಇಳಿಜಾರು ಹುಡುಕುವುದು. ಇಂಜಿನ್ ಬಿಸಿಯಾಗಿದ್ದರೆ ಆಫ್ ಮಾಡಲು ಹಿಂದೆಮುಂದೆ ನೋಡುವುದು. ಜೊತೆಗೆ ಬಂದವರಿಗೆ "ಸ್ವಲ್ಪ ತಳ್ಳಬೇಕಾಗಬಹುದು" ಅಂತ ಮೊದಲೇ ಹೇಳಿಟ್ಟಿರುವುದು. ಕಾರು ಚೆನ್ನಾಗಿ ಓಡುತ್ತದೆ, ಬ್ರೇಕ್ ಹಿಡಿಯುತ್ತದೆ, ಬಣ್ಣವೂ ಹೊಳೆಯುತ್ತದೆ. ಆದರೆ ನಿಂತ ಮೇಲೆ ಮತ್ತೆ ಹೊರಡುತ್ತದಾ ಅನ್ನುವ ಧೈರ್ಯ ಮಾತ್ರ ಇರುವುದಿಲ್ಲ.

ನನ್ನ ಕಾರು 1960ರ ದಶಕದ್ದು. ನಾಲ್ಕು ಸಿಲಿಂಡರ್, ಕಾರ್ಬುರೇಟರ್, ಪಾಯಿಂಟ್ ಇಗ್ನಿಷನ್. ಬೆಳಿಗ್ಗೆ ತಣ್ಣಗಿರುವಾಗ ಚೋಕ್ ಎಳೆದು ಸೆಲ್ಫ್ (ಇಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರ್) ಹೊಡೆದರೆ ಹಿಡಿದುಕೊಳ್ಳುತ್ತಿತ್ತು. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದರೆ ಮಾತ್ರ ಇಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಆ ಭಯದಿಂದಲೇ ಕಾರನ್ನು ಹೊರಗೆ ತೆಗೆಯುವುದು ಕಡಿಮೆಯಾಯಿತು. ನಿಂತೇ ಇರುವ ಕಾರಿನ ಕಷ್ಟವೇ ಬೇರೆ ಅಲ್ವಾ? ಬ್ಯಾಟರಿ ಇಳಿಯುತ್ತದೆ. ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿದ್ದ ಪೆಟ್ರೋಲ್ ಆರಿಹೋಗುತ್ತದೆ. ಆಮೇಲೆ ಪಂಪು ಅದನ್ನು ಮತ್ತೆ ತುಂಬುವವರೆಗೂ ಸೆಲ್ಫ್ ಇನ್ನೂ ಜಾಸ್ತಿ ಹೊತ್ತು ದುಡಿಯಬೇಕು. ಅಂದರೆ ಸೆಲ್ಫ್ ಸರಿಯಿಲ್ಲ ಅಂತ ಕಾರನ್ನು ನಿಲ್ಲಿಸಿದಷ್ಟೂ ಸೆಲ್ಫಿನ ಮೇಲಿನ ಹೊರೆ ಏರುತ್ತಲೇ ಹೋಗುತ್ತದೆ. ಈ ಸುತ್ತಿನಿಂದ ಹೊರಗೆ ಬರಬೇಕು ಅಂತಲೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

ಕಾರಿನಲ್ಲಿರುವ ಬೇರೆ ಯಾವ ಭಾಗವೂ ಈ ಮೋಟಾರಿನ ಹಾಗೆ ಬದುಕುವುದಿಲ್ಲ. ದುಡಿಯುವುದು ಒಮ್ಮೆಗೆ ಎರಡು ಮೂರು ಸೆಕೆಂಡ್ ಅಷ್ಟೇ. ಆದರೆ ಅಷ್ಟರಲ್ಲಿ 150, 200 ಆಂಪಿಯರ್ ಕರೆಂಟ್ ಎಳೆಯುತ್ತದೆ. ನಿಂತ ಇಂಜಿನ್ನನ್ನು ಕದಲಿಸುವ ಮೊದಲ ಕ್ಷಣದಲ್ಲಿ ಅದಕ್ಕಿಂತಲೂ ತುಂಬಾ ಜಾಸ್ತಿ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಸುಮಾರು 10 ಆಂಪಿಯರ್ ಅನ್ನುವುದನ್ನು ನೆನೆಸಿಕೊಂಡರೆ ಇದು ಎಷ್ಟು ದೊಡ್ಡ ಹಸಿವು ಅಂತ ತಿಳಿಯುತ್ತದೆ.

ಇಷ್ಟು ಕರೆಂಟನ್ನು ಇಷ್ಟು ಚಿಕ್ಕ ಮೋಟಾರಿಗೆ ಹರಿಸಬಹುದು ಅನ್ನುವ ಧೈರ್ಯ ಮಾಡಿದವರು ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿದ್ದರು. ಅಂಗಡಿಗಳ ಹಣದ ಯಂತ್ರಕ್ಕೆ ಅಲ್ಲಿ ವಿದ್ಯುತ್ ಮೋಟಾರ್ ಕೂರಿಸಿದ್ದರು. ಆ ಮೋಟಾರ್ ಕೆಲಸ ಮಾಡಬೇಕಾದದ್ದು ಒಂದೊಂದು ಕ್ಷಣ ಮಾತ್ರ. ಮೈ ಕಾಯುವುದರೊಳಗೆ ಕೆಲಸ ಮುಗಿಯುವುದಾದರೆ ಚಿಕ್ಕ ಮೋಟಾರಿನಿಂದಲೂ ಅದರ ಅಳತೆಗೆ ಮೀರಿದ ದುಡಿಮೆ ತೆಗೆಯಬಹುದು. ಅದೇ ತಿಳಿವಳಿಕೆ ಕಾರಿಗೂ ಬಂತು. 1912ರ ಕ್ಯಾಡಿಲಾಕ್‌ಗೆ ಅವರ ಸೆಲ್ಫ್ ಸ್ಟಾರ್ಟರ್ ಸೇರಿತು. ಅಲ್ಲಿಯವರೆಗೆ ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಇಂಜಿನ್ ಉಲ್ಟಾ ಒದ್ದರೆ ಕೈಮೂಳೆ ಮುರಿಯುತ್ತಿತ್ತು. ಹಾಗಾಗಿ ಈ ಮೋಟಾರನ್ನು ಸುಮ್ನೆ ಒಂದು ಅನುಕೂಲ ಅಂತ ನೋಡಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಕಾರಿನಲ್ಲಿದ್ದದ್ದು ಬೆಂಡಿಕ್ಸ್ ಮಾದರಿಯ ಹಳೇ ಮೋಟಾರ್. ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡುವುದೇ ಒಂದು ಖುಷಿ. ಉದ್ದನೆಯ ಕಬ್ಬಿಣದ ಸಿಲಿಂಡರ್, ಒಂದು ಕಡೆ ಹೊರಗೆ ಚಾಚಿದ ಶಾಫ್ಟ್. ಶಾಫ್ಟಿನ ಮೇಲೆ ದಪ್ಪನೆಯ ಓರೆ ಮರೆ, ಅಂದರೆ ಸ್ಕ್ರೂನಲ್ಲಿ ಇರುತ್ತದಲ್ಲ, ಹಾಗೆ. ಆ ಮರೆಯ ಮೇಲೆ ಹತ್ತು ಹಲ್ಲಿನ ಪುಟ್ಟ ಗೇರ್, ಅಂದರೆ ಪಿನಿಯನ್, ಸಡಿಲವಾಗಿ ಕೂತಿರುತ್ತದೆ. ಮೋಟಾರ್ ತಟ್ಟನೆ ತಿರುಗಲು ಶುರುಮಾಡಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದೆ ಉಳಿಯುತ್ತದೆ. ಹಿಂದೆ ಉಳಿದದ್ದರಿಂದ ಮರೆಯ ಮೇಲೆ ಜಾರಿಕೊಂಡು ಹೋಗಿ ಫ್ಲೈವೀಲಿನ, ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಸುತ್ತ ಇರುವ ರಿಂಗ್ ಗೇರಿಗೆ ಢಣ್ ಅಂತ ಬಡಿದು ಹಲ್ಲಿಗೆ ಹಲ್ಲು ಸೇರಿಸುತ್ತದೆ. ಆ ಹೊಡೆತವನ್ನು ಒಂದು ದಪ್ಪ ಸ್ಪ್ರಿಂಗ್ ತಾಳಿಕೊಳ್ಳುತ್ತದೆ. ಇಂಜಿನ್ ಹಿಡಿದುಕೊಂಡು ವೇಗವಾಗಿ ತಿರುಗಿದ ಕೂಡಲೇ ರಿಂಗ್ ಗೇರೇ ಪಿನಿಯನ್ನನ್ನು ಉಲ್ಟಾ ತಿರುಗಿಸಿ ಹೊರಗೆ ಒದೆಯುತ್ತದೆ. ಎಳೆಯುವ ಲಿವರ್ ಇಲ್ಲ, ತಳ್ಳುವ ಸೊಲೆನಾಯ್ಡ್ (ಕರೆಂಟ್ ಹರಿದಾಗ ಆಯಸ್ಕಾಂತವಾಗಿ ಎಳೆಯುವ ಸುರುಳಿ) ಇಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡಿಸಿದವರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಆದರೆ ಇದರ ತೊಂದರೆಯೂ ಇದೇ ಜಾಣತನದೊಳಗೇ ಇದೆ. ತಣ್ಣಗಿನ ಇಂಜಿನ್ ಒಂದು ಸಲ ಮಾತ್ರ ಸಿಡಿದು ಸುಮ್ಮನಾಯಿತು ಅಂದುಕೊಳ್ಳಿ. ಆ ಒಂದು ಸಿಡಿತಕ್ಕೇ ಪಿನಿಯನ್ ಹೊರಗೆ ಹೋಗಿರುತ್ತದೆ. ಮೋಟಾರ್ ಪೂರ್ತಿ ನಿಲ್ಲುವವರೆಗೆ ಕಾದು ಮತ್ತೆ ಹೊಡೆಯಬೇಕು. ಕಾಯದೆ ಹೊಡೆದರೆ ತಿರುಗುತ್ತಿರುವ ಹಲ್ಲಿಗೆ ಹಲ್ಲು ಬಡಿಯುತ್ತದೆ. ಇನ್ನು ಮರೆಯ ಮೇಲೆ ಕ್ಲಚ್ಚಿನ ಪುಡಿ ಕೂತರೆ ಪಿನಿಯನ್ ಜಾರುವುದಿಲ್ಲ. ಮೋಟಾರ್ ಸುಯ್ ಅಂತ ಒಂಟಿಯಾಗಿ ತಿರುಗುತ್ತದೆ, ಇಂಜಿನ್ ಕದಲುವುದಿಲ್ಲ. ತುಂಬಾ ಜನ ಅಲ್ಲಿಗೆ ಎಣ್ಣೆ ಬಿಡುತ್ತಾರೆ. ಬಿಡಬಾರದು. ಎಣ್ಣೆ ಇನ್ನಷ್ಟು ಪುಡಿಯನ್ನು ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹಾಗೇ ಕೂರಿಸಬೇಕು. ಪಿನಿಯನ್ ರಿಂಗ್ ಗೇರಿನಲ್ಲೇ ಸಿಕ್ಕಿಕೊಂಡರೆ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ ಕಾರನ್ನು ಹಿಂದೆಮುಂದೆ ಅಲ್ಲಾಡಿಸಿ ಬಿಡಿಸಬೇಕು. ಕೆಲವು ಮೋಟಾರುಗಳಲ್ಲಿ ಹಿಂದಿನ ತುದಿಯ ಮುಚ್ಚಳ ತೆಗೆದರೆ ಚೌಕಾಕಾರದ ಶಾಫ್ಟ್ ಕಾಣುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಿದರೂ ಬಿಡುತ್ತದೆ.

ಹೊಸ ಮೋಟಾರ್ ತರುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸೆಲ್ಫ್ ಎಳೆಯುತ್ತಿಲ್ಲ ಅಂದ ಮಾತ್ರಕ್ಕೆ ಸೆಲ್ಫ್ ಕೆಟ್ಟಿದೆ ಅಂತಲ್ಲ. ಕರೆಂಟ್ ಬ್ಯಾಟರಿಯಿಂದ ಹೊರಟು ಟರ್ಮಿನಲ್, ಕೇಬಲ್, ಸೊಲೆನಾಯ್ಡ್ (ಇಲ್ಲಿ ಅದರ ಕೆಲಸ ದೊಡ್ಡ ಸ್ವಿಚ್ಚಿನದು ಮಾತ್ರ), ಇನ್ನೊಂದು ಕೇಬಲ್ ದಾಟಿ ಮೋಟಾರಿಗೆ ಬರುತ್ತದೆ. ಅಲ್ಲಿಂದ ಮೋಟಾರಿನ ಮೈ, ಇಂಜಿನ್ ಬ್ಲಾಕ್, ಅರ್ತ್ ಪಟ್ಟಿ, ಕಾರಿನ ಬಾಡಿ ಹಿಡಿದು ವಾಪಸ್ ಬ್ಯಾಟರಿಗೆ ಹೋಗಬೇಕು. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ 0.01 ಓಮ್ ರೆಸಿಸ್ಟೆನ್ಸ್ ಸೇರಿಕೊಂಡರೆ ಸಾಕು. 200 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ಮಾಯ. ಆ ಒಂದು ಜಾಗದಲ್ಲೇ 400 ವ್ಯಾಟ್ ಬಿಸಿಯಾಗಿ ಪೋಲಾಗುತ್ತದೆ. 0.01 ಓಮ್ ಅನ್ನುವುದು ಸಾಧಾರಣ ಮಲ್ಟಿಮೀಟರಿನ ಓಮ್ ಅಳತೆಗೆ ಸಿಗುವಂಥದ್ದೇ ಅಲ್ಲ. ಅದಕ್ಕೇ ಓಮ್ ಅಳೆಯುತ್ತಾ ಕೂರಬಾರದು. ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ಮಾಡುವುದು ಸುಲಭ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲಿನ ವೈರ್ ತೆಗೆದಿಡಿ, ಇಂಜಿನ್ ಸ್ಟಾರ್ಟ್ ಆಗಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಂಬಕ್ಕೇ ಒತ್ತಿ ಹಿಡಿಯಿರಿ, ಕ್ಲ್ಯಾಂಪಿಗೆ ಅಲ್ಲ. ಇನ್ನೊಂದನ್ನು ಮೋಟಾರಿನ ಟರ್ಮಿನಲ್‌ಗೆ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಹುಡುಕಾಟ ಶುರುಮಾಡಬೇಕು. ಅರ್ತ್ ಕಡೆಯೂ ಹೀಗೇ: ಮೋಟಾರಿನ ಮೈಯಿಂದ ಬ್ಯಾಟರಿಯ ಇನ್ನೊಂದು ಕಂಬಕ್ಕೆ.

ಹಳೇ ಕಾರುಗಳಲ್ಲಿ ಹೆಚ್ಚಿನ ಸಲ ತಪ್ಪಿತಸ್ಥ ಸಿಗುವುದು ಈ ಅರ್ತ್ ಕಡೆಯಲ್ಲೇ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಇಂಜಿನ್ನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಹರಿದಿದ್ದರೆ ಕರೆಂಟ್ ಬೇರೆ ದಾರಿ ನೋಡಿಕೊಳ್ಳುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಏನು ಸಿಕ್ಕರೂ ಸರಿ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಸುಡುವಷ್ಟು ಬಿಸಿಯಾಗಿ ಹೊಗೆಯಾಡಿದರೆ ಕಾರಣ ಇದೇ. ಹೊಸ ಪಟ್ಟಿ ಹಾಕಿ, ಎರಡೂ ತುದಿಯಲ್ಲಿ ಬಣ್ಣ ತುಕ್ಕು ಉಜ್ಜಿ ಲೋಹ ಕಾಣುವಂತೆ ಮಾಡಿ ಬಿಗಿದರೆ ಎಷ್ಟೋ 'ಕೆಟ್ಟ' ಸೆಲ್ಫ್ ಮೋಟಾರುಗಳು ಎದ್ದು ಕೂರುತ್ತವೆ.

ನನ್ನ ಕಾರಿನಲ್ಲಿ ಕೇಬಲ್, ಅರ್ತ್ ಎಲ್ಲ ಸರಿ ಇದ್ದವು. ತೊಂದರೆ ಬಿಸಿಯದ್ದು. ಮೋಟಾರ್ ಕೂತಿರುವುದು ಎಕ್ಸಾಸ್ಟ್ ಪೈಪಿನ ಪಕ್ಕದಲ್ಲಿ. ಕಾರು ಓಡುವಾಗ ಗಾಳಿ ಆಡುತ್ತದೆ. ನಿಲ್ಲಿಸಿದ ಮೇಲೆ ಗಾಳಿ ಇಲ್ಲ, ಪೈಪಿನ ಬಿಸಿಯೆಲ್ಲ ಮೋಟಾರಿಗೇ ಇಳಿಯುತ್ತದೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಶೇಕಡ ಏರುತ್ತದೆ. 60 ಡಿಗ್ರಿ ಬಿಸಿಯೇರಿದರೆ ಕಾಲು ಭಾಗದಷ್ಟು ರೆಸಿಸ್ಟೆನ್ಸ್ ಜಾಸ್ತಿ. ಜೊತೆಗೆ ಬುಷ್, ಅಂದರೆ ಶಾಫ್ಟನ್ನು ಹಿಡಿದಿರುವ ಕಂಚಿನ ಬಳೆ, ಸವೆದಿತ್ತು. ಸವೆದ ಬುಷ್ಷಿನಲ್ಲಿ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಒಂದು ಕಡೆ ವಾಲಿ ಒಳಗಿನ ಕಬ್ಬಿಣಕ್ಕೆ ಉಜ್ಜುತ್ತದೆ. ಬಿಚ್ಚಿ ನೋಡಿದಾಗ ಆರ್ಮೇಚರಿನ ಮೈಮೇಲೆ ಬೆರಳಗಲ ಹೊಳೆಯುವ ಗೀರುಗಳಿದ್ದವು. ಅದಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಮೋಟಾಗಿದ್ದವು.

ಅಲ್ಲಿ ಎರಡು ದಾರಿ ಇತ್ತು. ಹಳೆಯದನ್ನೇ ಬುಷ್, ಬ್ರಷ್ ಹಾಕಿ ರಿಪೇರಿ ಮಾಡುವುದು, ಇಲ್ಲವೇ ಗೇರ್ ರಿಡಕ್ಷನ್ ಮೋಟಾರ್ ಹಾಕುವುದು. ರಿಪೇರಿ ಮಾಡಿದರೂ ಪೈಪಿನ ಪಕ್ಕದ ಜಾಗ ಬದಲಾಗುವುದಿಲ್ಲ. ಅದಕ್ಕೇ ಎರಡನೆಯದನ್ನು ಆರಿಸಿಕೊಂಡೆ.

ಹಳೇ ಮೋಟಾರಿನಲ್ಲಿ ಆರ್ಮೇಚರ್ ಮತ್ತು ಪಿನಿಯನ್ ಒಂದೇ ಶಾಫ್ಟಿನಲ್ಲಿ ಒಂದೇ ವೇಗದಲ್ಲಿ ತಿರುಗುತ್ತವೆ. ಇಂಜಿನ್ನನ್ನು ಎಳೆಯುವಾಗ ವೇಗ ಕಡಿಮೆ, ಬಲ ಜಾಸ್ತಿ ಬೇಕು. ಆದರೆ ವಿದ್ಯುತ್ ಮೋಟಾರು ನಿಧಾನಕ್ಕೆ ತಿರುಗುವಾಗಲೇ ಅತಿ ಜಾಸ್ತಿ ಕರೆಂಟ್ ನುಂಗುವುದು. ಕ್ರೈಸ್ಲರ್ ಕಂಪನಿ 1962ರಲ್ಲಿ ಮೋಟಾರ್ ಮತ್ತು ಪಿನಿಯನ್ ನಡುವೆ 3.75ಕ್ಕೆ 1ರ ಲೆಕ್ಕದಲ್ಲಿ ಗೇರ್ ಇಟ್ಟ ಸ್ಟಾರ್ಟರ್ ತಂದಿತು. ಮೋಟಾರ್ ತನಗೆ ಹಿತವಾದ ವೇಗದಲ್ಲಿ ತಿರುಗುತ್ತದೆ, ಬಲವನ್ನು ಗೇರ್ ಹೆಚ್ಚಿಸಿಕೊಡುತ್ತದೆ. ಕಡಿದಾದ ಏರಿನಲ್ಲಿ ಸೈಕಲ್ ಗೇರ್ ಇಳಿಸಿಕೊಂಡು ತುಳಿದ ಹಾಗೆ. ಈಗಿನ ಮೋಟಾರುಗಳಲ್ಲಿ ಹಲವಕ್ಕೆ ಫೀಲ್ಡ್ ಕಾಯಿಲ್ (ಕರೆಂಟಿನಿಂದ ಆಯಸ್ಕಾಂತವಾಗುವ ತಾಮ್ರದ ಸುರುಳಿ) ಬದಲು ಶಾಶ್ವತ ಆಯಸ್ಕಾಂತಗಳಿರುತ್ತವೆ. ತಾಮ್ರ ಕಡಿಮೆ, ತೂಕ ಕಡಿಮೆ, ಗಾತ್ರವೂ ಕಡಿಮೆ. ಗಾತ್ರ ಚಿಕ್ಕದಾದ್ದರಿಂದ ಎಕ್ಸಾಸ್ಟ್ ಪೈಪಿಗೂ ಮೋಟಾರಿಗೂ ನಡುವೆ ಜಾಗ ಸಿಗುತ್ತದೆ. ನನಗೆ ಬೇಕಿದ್ದದ್ದೂ ಅದೇ.

ಇನ್ನೊಂದು ಲಾಭ ಅಷ್ಟಾಗಿ ಯಾರೂ ಹೇಳುವುದಿಲ್ಲ. ಮೋಟಾರ್ ಕಡಿಮೆ ಕರೆಂಟ್ ಎಳೆದರೆ ಬ್ಯಾಟರಿಯ ವೋಲ್ಟ್ ಅಷ್ಟಾಗಿ ಬೀಳುವುದಿಲ್ಲ. ಇಗ್ನಿಷನ್ ಕಾಯಿಲಿಗೆ ಸಿಗುವುದೂ ಅದೇ ಬ್ಯಾಟರಿಯ ವೋಲ್ಟ್ ತಾನೇ? 8 ವೋಲ್ಟಿನಲ್ಲಿ ಬರುವ ಕಿಡಿಗೂ 10.5 ವೋಲ್ಟಿನಲ್ಲಿ ಬರುವ ಕಿಡಿಗೂ ತುಂಬಾ ವ್ಯತ್ಯಾಸ. ಇಂಜಿನ್ ಬೇಗ ತಿರುಗುವುದು ಒಂದು, ಪ್ಲಗ್ಗಿನಲ್ಲಿ ಕಿಡಿ ಗಟ್ಟಿಯಾಗುವುದು ಇನ್ನೊಂದು. ಎರಡೂ ಸೇರಿಯೇ ಕಾರು ಥಟ್ಟನೆ ಹಿಡಿದುಕೊಳ್ಳುವುದು.

ಕೊಳ್ಳುವ ಮೊದಲು ನೋಡಲೇಬೇಕಾದ ಕೆಲವು ವಿಷಯಗಳಿವೆ. ಮೊದಲನೆಯದು ಪೋಲಾರಿಟಿ. 1960ರ ದಶಕದ ಮಧ್ಯದವರೆಗೂ ತುಂಬಾ ಬ್ರಿಟಿಷ್ ಕಾರುಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಕಡೆ ಕಾರಿನ ಬಾಡಿಗೆ ಸೇರಿರುತ್ತದೆ. ಹಳೇ ಫೀಲ್ಡ್ ಕಾಯಿಲ್ ಮೋಟಾರಿಗೆ ಇದರ ಚಿಂತೆಯೇ ಇಲ್ಲ. ಪ್ಲಸ್ ಮೈನಸ್ ಅದಲುಬದಲಾದರೆ ಫೀಲ್ಡೂ ಆರ್ಮೇಚರೂ ಎರಡೂ ಒಟ್ಟಿಗೆ ಉಲ್ಟಾ ಆಗುತ್ತವೆ, ಮೋಟಾರ್ ಮೊದಲಿನ ದಿಕ್ಕಿಗೇ ತಿರುಗುತ್ತದೆ. ಆಯಸ್ಕಾಂತದ ಮೋಟಾರ್ ಹಾಗಲ್ಲ. ಆಯಸ್ಕಾಂತದ ದಿಕ್ಕು ಬದಲಾಗುವುದಿಲ್ಲ, ಹಾಗಾಗಿ ಮೋಟಾರೇ ಉಲ್ಟಾ ತಿರುಗುತ್ತದೆ. ಅಂಥ ಕಾರಿಗೆ ಒಂದೋ ಫೀಲ್ಡ್ ಕಾಯಿಲ್ ಇರುವ ಗೇರ್ ಮೋಟಾರ್ ಹುಡುಕಬೇಕು, ಇಲ್ಲವೇ ಇಡೀ ಕಾರನ್ನು ನೆಗೆಟಿವ್ ಅರ್ತ್‌ಗೆ ತಿರುಗಿಸಬೇಕು. ಅದಕ್ಕೆ ಡೈನಮೋ ಪೋಲಾರಿಟಿ, ಕಾಯಿಲಿನ ವೈರ್, ಆಂಪಿಯರ್ ಮೀಟರ್, ರೇಡಿಯೋ ಎಲ್ಲ ನೋಡಿಕೊಳ್ಳಬೇಕು. ನನ್ನ ಕಾರನ್ನು ಹಿಂದಿನವರೇ ನೆಗೆಟಿವ್ ಅರ್ತ್ ಮಾಡಿಸಿದ್ದರು.

ಎರಡನೆಯದು ರಿಂಗ್ ಗೇರ್. ಪಿನಿಯನ್ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಹಲ್ಲಿನ ಅಂಚನ್ನು ಓರೆಯಾಗಿ ಇಳಿಸಿರುತ್ತಾರೆ, ಸಲೀಸಾಗಿ ಸೇರಲಿ ಅಂತ. ಹೊಸ ಮೋಟಾರಿನ ಪಿನಿಯನ್ ಇನ್ನೊಂದು ಕಡೆಯಿಂದ ಬರುವುದಾದರೆ ಚೂಪು ಅಂಚಿಗೆ ಬಡಿಯುತ್ತಲೇ ಇರುತ್ತದೆ. ಹಲ್ಲಿನ ಅಳತೆ, ಪಿನಿಯನ್ನಿನ ಹಲ್ಲಿನ ಎಣಿಕೆ, ತಿರುಗುವ ದಿಕ್ಕು, ಇವೆಲ್ಲ ಹೊಂದಬೇಕು.

ಮೂರನೆಯದು ವೈರಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಬೆಂಡಿಕ್ಸ್ ಮೋಟಾರಿಗೆ ಸೊಲೆನಾಯ್ಡ್ ದೂರದಲ್ಲಿ, ಬಾನೆಟ್ ಕೆಳಗೆ ಬಾಡಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿನಲ್ಲಿ ಸೆಲ್ಫ್ ಹೊಡೆದಾಗ ಮಾತ್ರ ಕರೆಂಟ್. ಹೊಸ ಮೋಟಾರಿಗೆ ಬೆನ್ನ ಮೇಲೆ ತನ್ನದೇ ಸೊಲೆನಾಯ್ಡ್ ಇದೆ. ಅದೇ ಪಿನಿಯನ್ನನ್ನು ಮೊದಲು ಮೆಲ್ಲಗೆ ತಳ್ಳಿ ಸೇರಿಸಿ, ಆಮೇಲೆ ಮೋಟಾರಿಗೆ ಕರೆಂಟ್ ಕೊಡುವುದು. ಕೀ ಬಿಡುವವರೆಗೂ ಪಿನಿಯನ್ ಒಳಗೇ ಇರುತ್ತದೆ. ಒಂದು ಸಿಡಿತಕ್ಕೆ ಹೊರಗೆ ಹಾರುವ ಹಳೇ ಗೋಳು ಇಲ್ಲ.

ಕೆಲವರು ಸುಲಭ ಅಂತ ಹಳೇ ವೈರಿಂಗ್ ಹಾಗೇ ಬಿಟ್ಟು, ಹೊಸ ಮೋಟಾರಿನ ದಪ್ಪ ಟರ್ಮಿನಲ್ಲಿನಿಂದ ಅದರ ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ ಒಂದು ಚಿಕ್ಕ ವೈರ್ ಜೋಡಿಸಿಬಿಡುತ್ತಾರೆ. ಕಾರು ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಕೀ ಬಿಟ್ಟ ಮೇಲೂ ಮೋಟಾರ್ ರಭಸಕ್ಕೆ ತಿರುಗುತ್ತಿರುತ್ತದೆ. ಒಳಗೆ ಆಯಸ್ಕಾಂತ ಇರುವುದರಿಂದ ಆ ಹೊತ್ತಿನಲ್ಲಿ ಅದೇ ಜನರೇಟರ್ ಆಗುತ್ತದೆ. ಆ ಕರೆಂಟ್ ಚಿಕ್ಕ ವೈರ್ ಹಿಡಿದು ಸೊಲೆನಾಯ್ಡನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಇಂಜಿನ್ ಸ್ಟಾರ್ಟ್ ಆದ ಮೇಲೂ ಪಿನಿಯನ್ ಹೊರಗೆ ಬರದೆ ಕಿರ್ ಅನ್ನುತ್ತದೆ. ಹೊಸ ಮೋಟಾರ್ ಸರಿಯಿಲ್ಲ ಅಂತ ಬೈಯುವವರು ಮೊದಲು ಈ ವೈರ್ ನೋಡಬೇಕು.

ಸರಿಯಾದ ದಾರಿ ಹೀಗೆ. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ ನೇರವಾಗಿ ಹೊಸ ಮೋಟಾರಿನ ದಪ್ಪ ಟರ್ಮಿನಲ್‌ಗೆ ಹೋಗಲಿ. ಹಳೇ ಸೊಲೆನಾಯ್ಡನ್ನು ಕಿತ್ತು ಬಿಸಾಡಬೇಡಿ. ಅದು ಇನ್ನು ಮೇಲೆ ರಿಲೇ ಕೆಲಸ ಮಾಡಲಿ. ಕೀ ತಿರುಗಿಸಿದಾಗ ಅದು ಕೂಡಿಕೊಂಡು, ಒಂದು ತೆಳು ವೈರಿನ ಮೂಲಕ ಹೊಸ ಸೊಲೆನಾಯ್ಡಿಗೆ ಕರೆಂಟ್ ಕೊಡಲಿ. ಹೊಸ ಸೊಲೆನಾಯ್ಡ್ ಎಳೆದುಕೊಳ್ಳುವ ಕ್ಷಣದಲ್ಲಿ ಹತ್ತಾರು ಆಂಪಿಯರ್ ಕೇಳುತ್ತದೆ. ಹಳೇ ಕೀ ಸ್ವಿಚ್ಚಿನ ಪುಟ್ಟ ಕಾಂಟ್ಯಾಕ್ಟುಗಳಿಗೆ ಆ ಹೊರೆ ಬೇಡ. ಬ್ಯಾಲಸ್ಟ್ ಇಗ್ನಿಷನ್ (ಓಡುವಾಗ ಕಾಯಿಲಿಗೆ ಕಡಿಮೆ ವೋಲ್ಟ್ ಕೊಡುವ ಏರ್ಪಾಡು) ಇರುವ ಕಾರಾದರೆ ಇನ್ನೊಂದು ಉಪಕಾರವೂ ಇದೆ. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಪೂರ್ತಿ ವೋಲ್ಟ್ ಕೊಡಲು ಹಳೇ ಸೊಲೆನಾಯ್ಡಿನಲ್ಲಿ ಒಂದು ಹೆಚ್ಚಿನ ಟರ್ಮಿನಲ್ ಇರುತ್ತದೆ. ಸೊಲೆನಾಯ್ಡ್ ಉಳಿದರೆ ಆ ಏರ್ಪಾಡೂ ಉಳಿಯುತ್ತದೆ.

ಇದರಿಂದ ಬದಲಾಗುವ ಒಂದು ಸಂಗತಿಯನ್ನು ಮರೆಯಬಾರದು. ದಪ್ಪ ಕೇಬಲ್ಲಿನಲ್ಲಿ ಈಗ ಯಾವಾಗಲೂ ಕರೆಂಟ್ ಇರುತ್ತದೆ, ಅದೂ ಎಕ್ಸಾಸ್ಟ್ ಪಕ್ಕದಲ್ಲಿ, ಫ್ಯೂಸ್ ಇಲ್ಲದೆ. ಅದು ಸುಟ್ಟು ಬಾಡಿಗೆ ತಾಗಿದರೆ ಬೆಂಕಿಯೇ. ಬಿಸಿ ತಾಳುವ ತೋಳು ಹಾಕಿ, ಅಲ್ಲಲ್ಲಿ ಕ್ಲಿಪ್ ಹಾಕಿ, ಟರ್ಮಿನಲ್‌ಗೆ ರಬ್ಬರ್ ಟೋಪಿ ಹಾಕಿದ ಮೇಲೇ ನಾನು ಬ್ಯಾಟರಿ ಜೋಡಿಸಿದ್ದು. ಬ್ಯಾಟರಿ ಕಂಬದ ಹತ್ತಿರ ಒಂದು ಕಟ್-ಆಫ್ ಸ್ವಿಚ್ಚನ್ನೂ ಹಾಕಿದೆ.

ಕೂರಿಸುವ ಕೆಲಸ ಇದಕ್ಕೆ ಹೋಲಿಸಿದರೆ ಏನೂ ಅಲ್ಲ. ಬ್ಯಾಟರಿಯ ಅರ್ತ್ ಮೊದಲು ಬಿಚ್ಚುವುದು, ಎರಡು ಬೋಲ್ಟ್, ಹಳೆಯದನ್ನು ಕೈಯಾನಿಸಿ ಇಳಿಸುವುದು. ಮೋಟಾರ್ ಕೂರುವ ಮುಖವನ್ನು ಎಮರಿ ಪೇಪರಿನಿಂದ ಉಜ್ಜಿ ಲೋಹ ಕಾಣುವಂತೆ ಮಾಡಬೇಕು, ಅರ್ತ್ ಹರಿಯುವುದು ಅದೇ ಮುಖದಲ್ಲಿ. ಬಿಗಿದಾದ ಮೇಲೆ ಸದ್ದು ಕೇಳಿಸಿಕೊಳ್ಳಿ. ಇಂಜಿನ್ ಹಿಡಿಯುವ ಮೊದಲು, ತಿರುಗುವಾಗಲೇ ಕೀಚಲು ಸದ್ದು ಬಂದರೆ ಪಿನಿಯನ್ ರಿಂಗ್ ಗೇರಿನಿಂದ ದೂರ ಇದೆ. ಇಂಜಿನ್ ಹಿಡಿದು ಕೀ ಬಿಡುವಾಗ ಕೀಚಿದರೆ ತೀರಾ ಹತ್ತಿರ ಇದೆ. ಶಿಮ್, ಅಂದರೆ ತೆಳು ಲೋಹದ ಹಾಳೆ, ಹಾಕಿ ಸರಿಮಾಡಬಹುದು.

ಈಗ ಬಿಸಿ ಇಂಜಿನ್ ಕೂಡ ತಣ್ಣಗಿನದರಷ್ಟೇ ಸಲೀಸಾಗಿ ತಿರುಗುತ್ತದೆ. ಕಾರು ಮತ್ತೆ ರಸ್ತೆಗೆ ಇಳಿದಿದೆ.

ಕಳೆದುಕೊಂಡದ್ದು ಸದ್ದು. ಇದನ್ನು ಸಣ್ಣ ಮಾತು ಅಂತ ನಾನು ಅಂದುಕೊಂಡಿಲ್ಲ. ಬೆಂಡಿಕ್ಸ್ ಮೋಟಾರಿನ ಢಣ್ ಅನ್ನುವ ಮೊದಲ ಹೊಡೆತ, ಆಮೇಲೆ ಗುರ್ ಗುರ್ ಅಂತ ಏದುಸಿರಿನ ಎಳೆತ, ಹಿಡಿದುಕೊಂಡ ಮೇಲೆ ಇಳಿಯುತ್ತಾ ಹೋಗುವ ಸುಯ್ಯಲು. ಈಗ ಕೇಳುವುದು ಇವತ್ತಿನ ಯಾವುದೇ ಕಾರಿನಲ್ಲಿ ಕೇಳುವ ಚುರುಕು ಸದ್ದು. ಹಳೇ ಕಾರನ್ನು ಪ್ರೀತಿಸುವವರಲ್ಲಿ ಕೆಲವರಿಗೆ ಇದು ತಪ್ಪು ಅನ್ನಿಸುತ್ತದೆ. ಅವರ ಮಾತಿನಲ್ಲಿ ನ್ಯಾಯವಿದೆ. ಕೆಲವೇ ಕೆಲವು ಉಳಿದಿರುವ ಅಪರೂಪದ ಕಾರಾಗಿದ್ದರೆ, ಮೊದಲ ದಿನದ ಭಾಗಗಳೇ ಇನ್ನೂ ಅದರಲ್ಲಿದ್ದರೆ, ನಾನು ಹಳೇ ಮೋಟಾರನ್ನೇ ರಿಪೇರಿ ಮಾಡಿಸಿ ಅದಕ್ಕೂ ಎಕ್ಸಾಸ್ಟಿಗೂ ನಡುವೆ ಒಂದು ತಗಡಿನ ತಡೆ ಕಟ್ಟುತ್ತಿದ್ದೆ. ಆದರೆ ನನ್ನದು ಓಡಿಸಲು ಇಟ್ಟುಕೊಂಡ ಕಾರು. ಯಾವ ಕಡೆಯೂ ಹೊಸ ತೂತು ಕೊರೆದಿಲ್ಲ, ಯಾವ ಬ್ರಾಕೆಟ್ಟನ್ನೂ ಕತ್ತರಿಸಿಲ್ಲ. ಎರಡು ಬೋಲ್ಟ್ ಮತ್ತು ಮೂರು ವೈರ್ ಬದಲಿಸಿದರೆ ಹಳೆಯದು ಅದರ ಜಾಗಕ್ಕೆ ಬರುತ್ತದೆ. ಈ ಒಂದು ಷರತ್ತು ಮುರಿಯದಿದ್ದರೆ ಇಂಥ ಬದಲಾವಣೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಹಳೇ ಮೋಟಾರಿಗೆ ಹೊಸ ಬ್ರಷ್ ಹಾಕಿಯಾಯಿತು. ಕಂಚಿನ ಬುಷ್ಷುಗಳನ್ನು ಕೂರಿಸುವ ಮೊದಲು ಒಂದು ದಿನವಿಡೀ ಇಂಜಿನ್ ಆಯಿಲಿನಲ್ಲಿ ನೆನೆಹಾಕಿದ್ದೆ, ಅವು ಎಣ್ಣೆ ಹೀರಿಕೊಂಡರೇನೇ ಬಾಳಿಕೆ. ಉಳಿದಿರುವ ಕೆಲಸ ರಿಂಗ್ ಗೇರಿನದು. ನಾಲ್ಕು ಸಿಲಿಂಡರ್ ಇಂಜಿನ್ ಆಫ್ ಆದಾಗ ಬಹುತೇಕ ಎರಡೇ ಜಾಗದಲ್ಲಿ ಬಂದು ನಿಲ್ಲುತ್ತದೆ, ಹಾಗಾಗಿ ಹಲ್ಲು ಸವೆಯುವುದೂ ಎದುರುಬದುರಿನ ಆ ಎರಡು ಕಡೆಯಲ್ಲೇ. ಮೋಟಾರ್ ತೆಗೆದಾಗ ಆ ಕಿಂಡಿಯಿಂದ ಟಾರ್ಚ್ ಹಾಕಿ, ಇಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ ನೋಡಿದೆ. ಒಂದು ಕಡೆ ಐದಾರು ಹಲ್ಲುಗಳ ಅಂಚು ಮೊಂಡಾಗಿದೆ, ಇನ್ನೂ ಕಚ್ಚಿಕೊಳ್ಳುತ್ತಿವೆ. ಮುಂದೆ ಕ್ಲಚ್ ಪ್ಲೇಟಿಗೆ ಅಂತ ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲನ್ನೂ ಬಿಚ್ಚಿ, ಹಳೇ ರಿಂಗ್ ತೆಗೆದು, ಹೊಸದನ್ನು ಕಾಯಿಸಿ ಕೂರಿಸಬೇಕು. ಅಷ್ಟರಲ್ಲಿ ರಿಂಗ್ ಸಿಕ್ಕಿರಬೇಕು ಅಂತ ಈಗಿನಿಂದಲೇ ಹುಡುಕುತ್ತಿದ್ದೇನೆ.